ಅಂಚಿನಲ್ಲಿ ಪೆನ್ಸಿಲ್

ಆ ಕಾದಂಬರಿಯನ್ನು ಹೊಗಳಿ ಹೊಗಳಿ ಗ್ರಂಥಪಾಲಕಿಯ ನಾಲಿಗೆ ಒಣಗಿತ್ತು. ಪೆಟ್ರೋಲೇ ಸಿಗದೆ ಬೇರೆ ದಾರಿ ಹಿಡಿದ ಇತಿಹಾಸ, ಹಬೆಯಿಂದ ಹಾರುವ ಹಡಗು, ಅದರ ಒಲೆಗೆ ಕಲ್ಲಿದ್ದಲು ಹಾಕುತ್ತಲೇ ಯುದ್ಧ ತಪ್ಪಿಸುವ ಹದಿನಾಲ್ಕರ ಹುಡುಗಿ. ಮೂರು ವರ್ಷದಿಂದ ಹೈಸ್ಕೂಲು ಮಕ್ಕಳ ಮುಂದೆಲ್ಲ ಇದೇ ಪಾಠ ಒಪ್ಪಿಸಿದ್ದಳು. ಒಬ್ಬರಾದರೂ ಕಣ್ಣೆತ್ತಿ ನೋಡಬೇಕಲ್ಲ! ಮೂರು ವರ್ಷ ಯಾರೂ ಒಯ್ಯದ ಪುಸ್ತಕ ರದ್ದಿಗೆ ಎಂಬುದು ನಿಯಮ. ಕೈಯಾರೆ ರದ್ದಿಗೆ ಹಾಕಲು ಮನಸ್ಸಾಗದೆ, ಹೋದ ತಿಂಗಳು ಅಪ್ಪನ ಹೆಸರಿಗೆ ಮುದ್ರೆಯೊತ್ತಿ ಮನೆಗೊಯ್ದಿದ್ದಳು.

ಅಪ್ಪ ಆಸ್ಪತ್ರೆಯ ಬಾಯ್ಲರ್ ಕೋಣೆಯಲ್ಲಿ ಮೂವತ್ತು ವರ್ಷ ಬೆಂದವರು. ಸುಮ್ಮನಿರುತ್ತಾರೆಯೇ? ಅಂಚಿನ ತುಂಬ ಪೆನ್ಸಿಲಿನಲ್ಲಿ ಗೀಚಿದ್ದರು. 'ನೀರು ನೋಡದೆ ಬೆಂಕಿ ಏರಿಸಿದರೆ ಎಲ್ಲರೂ ಮೇಲಕ್ಕೆ, ಹಡಗಿಲ್ಲದೆ.' 'ಕ್ಯಾಪ್ಟನ್ ಶುದ್ಧ ದಡ್ಡ.' 'ಹುಡುಗಿಗೆ ಕೈಗವಸು ಕೊಡಿ.' ಗೀಚಿದ ಪುಸ್ತಕವೂ ರದ್ದಿಗೇ. ಅವಳಿಗೆ ಅಳು ಬರುವಷ್ಟು ಸಾಕಾಗಿತ್ತು.

ಸಂಜೆ ಗ್ರಂಥಾಲಯದ ಮೇಜಿನ ಮೇಲೆ ಪುಸ್ತಕ ಹರವಿ ರಬ್ಬರಿನಿಂದ ಉಜ್ಜುತ್ತ ಕೂತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಗ್ಗಿ ಓದಿ ಕಿಸಕ್ಕನೆ ನಕ್ಕಳು.

"ಅಳಿಸ್ಬೇಡಿ ಮೇಡಂ! ಯಾರು ಬರ್ದಿದ್ದು?"

"ನಮ್ಮಪ್ಪ."

ಹುಡುಗಿ ಪುಟ ತಿರುವುತ್ತ ಹೋದಳು. "ಕೊನೇ ಅಧ್ಯಾಯಕ್ಕೆ ಏನೂ ಬರ್ದೇ ಇಲ್ವಲ್ಲ. ಕೊನೇಲಿ ಏನಾಗುತ್ತೆ?"

ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು. "ನಂಗೊತ್ತಿಲ್ಲ ಕಣಮ್ಮ. ಹಿಂದಿನ ರಟ್ಟು ಬಿಟ್ರೆ ನಾನೂ ಓದಿಲ್ಲ."

"ಹಾಗಾದ್ರೆ ನಾನೇ ಓದಿ ಹೇಳ್ತೀನಿ, ಕೊಡಿ."

ಗ್ರಂಥಪಾಲಕಿ ರಬ್ಬರು ಪಕ್ಕಕ್ಕಿಟ್ಟು ಮುದ್ರೆಯೊತ್ತಿದಳು. ನಿಯಮ ನಾಳೆ ನೋಡಿಕೊಂಡರಾಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಕೇಳಿದಳು. "ಕೊನೇ ಅಧ್ಯಾಯಕ್ಕೆ ಯಾಕಪ್ಪಾ ಏನೂ ಬರೀಲಿಲ್ಲ?"

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಅಲ್ಲಿ ಆ ಹುಡುಗಿ ಬೆಂಕಿ ಆರಿಸಿ ಮನೆಗೆ ಬರ್ತಾಳೆ. ಮನೆಯವ್ರು 'ಸುಸ್ತಾಯ್ತಾ' ಅಂತ ಕೇಳ್ತಾರೆ. ಅದ್ರಲ್ಲಿ ತಿದ್ದೋಕೆ ಏನಿದೆ?"

ಆ ಮೂವತ್ತು ವರ್ಷ ಅಪ್ಪ ಮಸಿ ಮೆತ್ತಿಕೊಂಡು ಬಂದಾಗಲೆಲ್ಲ ಅವಳು ಕೇಳುತ್ತಿದ್ದದ್ದು 'ನಂಗೇನು ತಂದಿದ್ದೀಯ' ಎಂದಷ್ಟೇ. ಚೀಲವನ್ನೂ ಇಳಿಸದೆ ಅವರ ಪಕ್ಕ ಕೂತಳು.

"ಆಗೆಲ್ಲ ಸುಸ್ತಾಗ್ತಿತ್ತಾ ಅಪ್ಪಾ?"

"ಹೂಂ," ಎಂದರು ಅಪ್ಪ. "ತುಂಬಾ."