ರಕ್ತ ಬಿಟ್ಟ ರೊಟ್ಟಿ

ನಮ್ಮ ಕೇರಿಗೆ 'ಅತ್ಯಂತ ಆರೋಗ್ಯವಂತ ಕೇರಿ' ಎಂಬ ಪ್ರಶಸ್ತಿ ಬಂದಿದೆ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಚರಂಡಿಯ ಅಂಚಿಗೆ ಸುಣ್ಣ ಬಳಿದರೆ ಆರೋಗ್ಯ ಬರುವುದಾದರೆ ಆಸ್ಪತ್ರೆಗಳೇಕೆ ಬೇಕು? ಪ್ರಶಸ್ತಿ ತರಲು ತಾಷ್ಕೆಂಟಿಗೆ ಹೊರಟವರು ಕೇರಿಯ ಯಜಮಾನ ನೋರ್ಕೋಜಿ. ಬಾಯಿ ತುಂಬ ಬಂಗಾರದ ಹಲ್ಲು, ಕೆಳತುಟಿಯೊಳಗೆ ಸದಾ ಒಂದು ಚಿಟಿಕೆ ನಾಸ್, ಅದೇ ಆ ಹಸಿರು ತಂಬಾಕಿನ ಪುಡಿ. ಆರೋಗ್ಯದ ಮೇಲೆ ಭಾಷಣ ಮಾಡುವಾಗಲೂ ಅದನ್ನು ಉಗಿಯುವವರಲ್ಲ.

ನಮ್ಮಲ್ಲಿ ಊರು ಬಿಡುವವರು ರೊಟ್ಟಿಯನ್ನು ಒಂದು ಸಲ ಕಚ್ಚಿ ಹೋಗಬೇಕು. ಉಳಿದದ್ದನ್ನು ಗೋಡೆಗೆ ನೇತುಹಾಕುತ್ತೇವೆ. ಅದು ಅವರನ್ನು ಮನೆಗೆ ಕರೆತರುತ್ತದೆ, ಅವರೇ ಬಂದು ತಿಂದು ಮುಗಿಸುತ್ತಾರೆ. ಅಂದಿನ ರೊಟ್ಟಿ ನನ್ನ ತಂದೂರಿನದು. ಗಂಡ ಸತ್ತ ಮೇಲೆ ನನ್ನನ್ನೂ ನನ್ನ ಮಗಳನ್ನೂ ಸಾಕಿದ್ದು ಆ ತಂದೂರು.

ಯಜಮಾನರು ಕೇರಿಯ ಎದುರು ರೊಟ್ಟಿ ಕಚ್ಚಿದರು. ಕಚ್ಚಿದ ಅಂಚೆಲ್ಲ ಕೆಂಪು.

"ಅಯ್ಯಯ್ಯೋ, ರೊಟ್ಟಿ ರಕ್ತ ಕಾರ್ತಾ ಇದೆ!" ಎಂದರು ತೋಜಿಬೊಯ್ ಅಜ್ಜ. ಕೇರಿಯ ಶಕುನಗಳಿಗೆಲ್ಲ ಅವರೇ ಗುತ್ತಿಗೆದಾರರು. "ನೋರ್ಕೋಜಿ, ಹೊಸ್ತಿಲು ದಾಟ್ಬೇಡ!"

ಪ್ರಯಾಣ ನಿಂತಿತು. ದೃಷ್ಟಿ ತೆಗೆಯಲು ಇಸಿರಿಕ್ ಸೊಪ್ಪಿನ ಹೊಗೆ ಹಾಕಿದರು, ಬಡವರಿಗೆ ಪುಲಾವ್ ಬಡಿಸಿದರು. ನನ್ನಿಂದಲೇ ಇನ್ನೊಂದು ರೊಟ್ಟಿ ಮಾಡಿಸಿದರು. ಯಜಮಾನರು ಕಚ್ಚಿದೊಡನೆ ಅದೂ ಕೆಂಪಾಯಿತು. ಹೊಗೆ ಎಲ್ಲಾ ಕಡೆ ಹೋಯಿತು, ಯಜಮಾನರ ಬಾಯೊಳಗೊಂದು ಬಿಟ್ಟು. ಕೊನೆಗೆ ಅಜ್ಜ ನನ್ನತ್ತ ಕೋಲು ತೋರಿಸಿ ತೀರ್ಪು ಕೊಟ್ಟರು: "ದೋಷ ಹುರ್ಮತ್ ತಂದೂರಿಂದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮರುದಿನದಿಂದ ನನ್ನ ರೊಟ್ಟಿಯನ್ನು ಕೊಳ್ಳುವವರಿಲ್ಲ. ಬಿಸಿ ರೊಟ್ಟಿ ತಣ್ಣಗಾಗಿ, ಒಣಗಿ, ಕೋಳಿಗಳ ಪಾಲಾಯಿತು. ಇನ್ನು ಸ್ವಲ್ಪ ದಿನ ಹೀಗೇ ಆಗಿದ್ದರೆ ತಂದೂರನ್ನು ಮುಚ್ಚಬೇಕಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೇರಿಯ ಜನ ಚಹಾ ಅಂಗಡಿಯಲ್ಲಿ ಸೇರಿದ್ದಾಗ ನೆಟ್ಟಗೆ ಹೋಗಿ ನಿಂತೆ.

"ಯಜಮಾನ್ರೇ, ನೆಲ ಡೊಂಕು ಅಂತಿದೀರಲ್ಲ, ಒಂದ್ಸಲ ನಿಮ್ಮ ಬಾಯಿ ತೆಗೀರಿ!"

"ನಂದೇನು? ಬಂಗಾರದ ಬಾಯಿ!" ಎಂದು ನೋರ್ಕೋಜಿ ಹಲ್ಲು ಕಿರಿದರು.

ಅಷ್ಟರಲ್ಲಿ ಅವರ ಹೆಂಡತಿ ಓಯ್ತಿಲ್ಲಾ ಚಹಾ ಬಟ್ಟಲನ್ನು ಕೆಳಗಿಟ್ಟಳು. "ಇವ್ರ ದಿಂಬಲ್ಲೂ ದಿನಾ ಬೆಳಗ್ಗೆ ರಕ್ತ ಇರತ್ತೆ. ಹುರ್ಮತ್, ದಿಂಬನ್ನೂ ನಿನ್ನ ತಂದೂರಲ್ಲೇ ಸುಟ್ಟಿದ್ದಾ?"

ಜನ ಬಿದ್ದು ಬಿದ್ದು ನಕ್ಕರು. ಆ ನಗುವಿಗೆ ಹೆದರಿಯೇ ಯಜಮಾನರು ಹಲ್ಲಿನ ಡಾಕ್ಟರ ಬಳಿಗೆ ಹೋದದ್ದು. ಡಾಕ್ಟರು ಹೇಳಿದ್ದನ್ನು ಓಯ್ತಿಲ್ಲಾ ಬಂದು ಎಲ್ಲರಿಗೂ ಒಪ್ಪಿಸಿದಳು.

"ಹಲ್ಲುಜ್ಜಿದ್ರೆ ರಕ್ತ ಬರತ್ತೆ ಅಂತ ಇವ್ರು ಬ್ರಷ್ಷನ್ನೇ ಎಸ್ದಿದ್ರು. ಉಜ್ಜದೇ ಇರೋದಕ್ಕೇ ರಕ್ತ ಬರೋದಂತೆ! ಕೊಳೆ ಕೂತು ಕಲ್ಲಾಗಿ ವಸಡು ಊದ್ಕೊಳ್ಳತ್ತಂತೆ. ಡಾಕ್ಟ್ರು ಆ ಕಲ್ಲನ್ನೆಲ್ಲಾ ಕೆರೆದು ತೆಗೆದ್ರು. ಇನ್ಮೇಲೆ ಮೆತ್ತನೆ ಬ್ರಷ್ಷಲ್ಲಿ ಬೆಳಗ್ಗೆ ರಾತ್ರಿ ಉಜ್ಬೇಕು, ಹಲ್ಲಿನ ಸಂದೀನೂ ದಾರ ಹಾಕಿ ಶುಚಿ ಮಾಡ್ಬೇಕು. ನಾಸ್ ಬಿಡ್ದೇ ಇದ್ರೆ ಹಲ್ಲೇ ಬಿಟ್ಟೋಗತ್ತಂತೆ."

"ಬಂಗಾರದ್ದೂನಾ?" ಎಂದು ಯಾರೋ ಕೇಳಿದರು.

"ಬಂಗಾರ ಏನು ಗಾಳೀಲಿ ನಿಂತಿರತ್ತಾ?"

ಕೆಲವು ವಾರ ಕಳೆದು ಯಜಮಾನರು ಮತ್ತೆ ಹೊರಟು ನಿಂತರು. ಈ ಸಲವೂ ನನ್ನ ರೊಟ್ಟಿಯನ್ನೇ ಕಚ್ಚಲಿ ಎಂದು ನಾನು ಹಟ ಹಿಡಿದೆ. ನನ್ನ ಹೆಸರು ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ತೋಜಿಬೊಯ್ ಅಜ್ಜ ಅಡ್ಡಗಾಲು ಹಾಕಿದರು.

"ದಿಂಬಿನ ಮಾತು ಬೇರೆ, ರೊಟ್ಟಿ ಮಾತು ಬೇರೆ. ಬೇಯಿಸಿದೋಳೇ ಮೊದ್ಲು ಕಚ್ಚಿ ತೋರಿಸ್ಲಿ."

"ಅದಕ್ಕೇನಂತೆ?" ಎಂದು ಕೋಪದಲ್ಲಿ ಗಟ್ಟಿ ಅಂಚನ್ನೇ ಕಚ್ಚಿ ಎಳೆದೆ. ರೊಟ್ಟಿಯನ್ನು ಎತ್ತಿ ಹಿಡಿದೆ.

ಬಿಳಿ ತಿರುಳಿನ ಮೇಲೆ ಕೆಂಪು ಗೆರೆ.

"ನೋಡಿದ್ರಾ! ನೋಡಿದ್ರಾ!" ಎಂದು ಅಜ್ಜ ಕೋಲು ಕುಟ್ಟಿದರು. "ಬಾಯಿ ಬೇರೆ, ರಕ್ತ ಅದೇ! ದೋಷ ರೊಟ್ಟಿಯದ್ದೇ!"

ಸುಮ್ಮನಿದ್ದರೆ ತಂದೂರು ಹೋಗುತ್ತದೆ, ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಯಜಮಾನರ ಬಾಯಿಯನ್ನು ಅಷ್ಟು ಆಡಿಕೊಂಡವಳು ನಾನು. ಆದರೂ ಎರಡು ಬೆರಳಿನಿಂದ ತುಟಿ ಎತ್ತಿ, ಊದಿದ ವಸಡನ್ನು ಎಲ್ಲರಿಗೂ ತೋರಿಸಿದೆ.

"ಬ್ರಷ್ಷಲ್ಲಿ ಕೆಂಪು ಕಂಡಾಗ ನಾನೂ ಉಜ್ಜೋದು ಬಿಟ್ಟೆ. ಕೊಳಕು ನನ್ನ ಬಾಯಿ ಅಜ್ಜಾ, ನನ್ನ ರೊಟ್ಟಿ ಅಲ್ಲ."

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬಳು, "ನಂಗೂ ಬರತ್ತೆ" ಎಂದಳು. "ನಂಗೂ" ಎಂದ ಅವಳ ಗಂಡ. ಯಜಮಾನರು ಅದೇ ರೊಟ್ಟಿಯ ಇನ್ನೊಂದು ಬದಿಯನ್ನು ಕಚ್ಚಿದರು. ಅಂಚು ಬೆಳ್ಳಗೇ ಉಳಿಯಿತು.

ನಾನು ರೊಟ್ಟಿಯನ್ನು ತೋಜಿಬೊಯ್ ಅಜ್ಜನ ಮುಂದೆ ಚಾಚಿದೆ. "ಈಗ ನೀವು ಕಚ್ಚಿ."

ಎಲ್ಲರೂ ಅಜ್ಜನ ಬಾಯಿಯನ್ನೇ ನೋಡಿದರು. ಅಜ್ಜ ತುಟಿ ಬಿಗಿದುಕೊಂಡು, ಕೋಲು ಊರಿಕೊಂಡು ಮನೆಗೆ ಹೊರಟುಬಿಟ್ಟರು. ಆ ದಿನ ಮಧ್ಯಾಹ್ನಕ್ಕೆಲ್ಲ ನನ್ನ ರೊಟ್ಟಿ ಖಾಲಿ.