ಒಂದು ಬೀಗ, ಎರಡು ಕೀಲಿ

"ಸಾಕು ಅನ್ನಿಸಿದಾಗ ಹೇಳಿ ಸಾರ್" ಎಂದ ವೇಟರ್, ಮೇಸ್ತ್ರಿಯ ತಟ್ಟೆಯ ಮೇಲೆ ಚೀಸಿನ ಗಡ್ಡೆಯನ್ನು ತುರಿಯತೊಡಗಿದ. ಮೇಸ್ತ್ರಿ ಏನೂ ಹೇಳಲಿಲ್ಲ. ಕಣ್ಣು ತಟ್ಟೆಯ ಮೇಲೇ ಇತ್ತು, ಮನಸ್ಸು ಎಲ್ಲಿತ್ತೋ ಏನೋ. ಚೀಸು ಮರದ ಹೊಟ್ಟಿನ ಹಾಗೆ ಉದುರಿ ಉದುರಿ ಕೆಂಪು ಸಾಸು ಮುಚ್ಚಿತು, ಪಾಸ್ತಾ ಮುಚ್ಚಿತು, ತಟ್ಟೆಯ ಅಂಚಿಗೂ ಬಂತು. ಪಾಪದ ವೇಟರ್ ಮುಖದ ನಗೆಯನ್ನು ಹಾಗೇ ಹಿಡಿದುಕೊಂಡು ತುರಿಯುತ್ತಲೇ ಇದ್ದ. ಗಿರಾಕಿ ಸಾಕು ಅನ್ನದೆ ನಿಲ್ಲಿಸಬಾರದೆಂದು ಅವನಿಗೆ ಯಾರೋ ಕಲಿಸಿದ್ದಿರಬೇಕು. ಕೊನೆಗೆ ಎದುರಿಗೆ ಕೂತಿದ್ದ ಎಡಚನೇ "ಸಾಕು ಸಾಕು, ಬಿಡಪ್ಪ" ಎಂದ.

ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುತ್ತಾನೆಂದು ಹದಿನೈದು ವರ್ಷದ ಹಿಂದೆ ಮೇಸ್ತ್ರಿಯೇ ಅವನಿಗೆ ಎಡಚ ಎಂದು ಹೆಸರಿಟ್ಟದ್ದು. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಲಿಫ್ಟ್ ರಿಪೇರಿಯ ಕೆಲಸವನ್ನು ಅಕ್ಷರ ತಿದ್ದಿಸಿದ ಹಾಗೆ ಕಲಿಸಿದವರು ಈ ಮೇಸ್ತ್ರಿ. ಅವರ ಕೈಕೆಳಗೆ ಇಪ್ಪತ್ತು ಜನ ಕಲಿತಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ಕಲಿತವರು ಇಬ್ಬರು, ಎಡಚ ಮತ್ತು ಮೇಸ್ತ್ರಿಯ ಸ್ವಂತ ಮಗ. ಶಿಳ್ಳೆ ಹಾಕಿಕೊಂಡು, ಯಾರ ಮಾತೂ ತನಗಲ್ಲ ಅನ್ನುವ ಠೀವಿಯಲ್ಲಿ ಓಡಾಡುತ್ತಿದ್ದುದರಿಂದ ಆ ಮಗನನ್ನು ಎಲ್ಲರೂ ದೊರೆ ಅನ್ನುತ್ತಿದ್ದರು. ದೊರೆ ಸತ್ತು ಇವತ್ತಿಗೆ ಮೂವತ್ತನಾಲ್ಕು ದಿನ.

ಪೇಟೆಯ ನಟ್ಟನಡುವಿನ ಈ ಇಟಾಲಿಯನ್ ಹೋಟೆಲಿಗೆ ಇಬ್ಬರನ್ನೂ ಕರೆತಂದವನು ಕಂಪನಿಯ ಮಾಲೀಕ. ಅವನಿಗೇನೂ ಇವರಿಗೆ ಊಟ ಹಾಕಿಸುವ ಪ್ರೀತಿ ಉಕ್ಕಿ ಬಂದಿರಲಿಲ್ಲ. ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಸುರಕ್ಷತಾ ಅಧಿಕಾರಿಯ ಕಚೇರಿ, ಮೂರು ಗಂಟೆಗೆ ವಿಚಾರಣೆ. ಅದಕ್ಕೆ ಮುಂಚೆ ಮೂವರ ಮಾತೂ ಒಂದೇ ಆಗಬೇಕಿತ್ತು. ಚೌಕುಳಿ ಬಟ್ಟೆ ಹಾಸಿದ ಮೇಜು, ಬಾಟಲಿಯಲ್ಲಿ ಆಲಿವ್ ಎಣ್ಣೆ, ಗೋಡೆಯ ಒಲೆಯಲ್ಲಿ ಉಬ್ಬುತ್ತಿದ್ದ ಪಿಜ್ಜಾ, ಸುತ್ತ ಕಚೇರಿಯ ಜನರ ಗಲಗಲ ನಗು. ಒಳಗೆ ಬಂದು ಕೂತ ಕೂಡಲೇ ಮೇಸ್ತ್ರಿ ಮೇಜನ್ನು ಅಂಗೈಯಿಂದ ಒತ್ತಿ ನೋಡಿದ್ದರು. ಅದರ ಒಂದು ಕಾಲು ಕುಂಟುತ್ತಿತ್ತು. ಕಾಗದದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ನೋವಿನ ಮಂಡಿ ಬಗ್ಗಿಸಿ, ಕಾಲಿನ ಕೆಳಗೆ ತುರುಕಿ ಎದ್ದರು. ಮಗ ಸತ್ತ ಮೇಲೂ ಕೈಯ ಅಭ್ಯಾಸ ಸಾಯುವುದಿಲ್ಲವಲ್ಲ ಎಂದುಕೊಂಡ ಎಡಚ.

"ತಿನ್ನಿ ಮೇಸ್ತ್ರೀ, ತಣ್ಣಗಾದ್ರೆ ಇದು ರಬ್ಬರ್ ಆಗುತ್ತೆ" ಎಂದ ಮಾಲೀಕ, ತಾನು ಪಿಜ್ಜಾದ ತುಂಡೊಂದನ್ನು ಮಡಚಿ ಬಾಯಿಗಿಡುತ್ತಾ. "ಆಗಿದ್ದು ಆಗೋಯ್ತು. ಹೋದವನು ಬರಲ್ಲ. ಇರೋ ಮೂವತ್ತು ಜನ ಬದುಕಬೇಕಲ್ಲ? ಲೈಸೆನ್ಸ್ ಹೋದ್ರೆ ಎಲ್ಲಾರೂ ಬೀದಿಗೆ."

"ನಾನು ಬೇಡ ಅಂದಿಲ್ವಲ್ಲ" ಎಂದರು ಮೇಸ್ತ್ರಿ. "ನನ್ನದು ತಕರಾರಿಲ್ಲ ಅಂತ ಬರೆದುಕೊಡ್ತೀನಿ. ಅದಕ್ಕೆ ಮುಂಚೆ ಇವನ ಬಾಯಲ್ಲಿ ಒಂದು ಮಾತು ಕೇಳ್ಬೇಕು. ಕಾಗದದಲ್ಲಿ ಓದೋದಲ್ಲ, ಬಾಯಲ್ಲಿ ಕೇಳ್ಬೇಕು."

ಮಾಲೀಕ ಎಡಚನ ಕಡೆಗೆ ನೋಡಿದ. ಎಡಚ ಪಾಸ್ತಾ ಕಡೆಗೆ ನೋಡಿದ.

ಆ ಒಂದು ಮಾತು ಏನೆಂದು ಮೂವರಿಗೂ ಗೊತ್ತಿತ್ತು. ಲಿಫ್ಟ್ ಓಡಾಡುವ ಬಾವಿಗೆ ಇಳಿಯುವ ಮೊದಲು, ತುತ್ತತುದಿಯ ಮಷಿನ್ ರೂಮಿನಲ್ಲಿರುವ ಮೇನ್ ಸ್ವಿಚ್ ಆರಿಸಿ ಅದಕ್ಕೆ ಬೀಗ ಹಾಕಬೇಕು. ಇಳಿದವನ ಬೀಗ, ಇಳಿದವನ ಕೀಲಿ, ಇಳಿದವನ ಜೇಬು. ಅವನೇ ಮೇಲೆ ಬಂದು ಅವನೇ ತೆಗೆಯಬೇಕು. ತಲೆಯ ಮೇಲೆ ತಲೆ ಬಿದ್ದರೂ ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಮೊದಲ ದಿನವೇ ಮೇಸ್ತ್ರಿ ಹುಡುಗರಿಗೆ ಇದನ್ನು ಕಲಿಸುತ್ತಿದ್ದರು. ಮರೆತವನ ಕೆನ್ನೆಗೆ ಬಾರಿಸಿ ಇನ್ನೊಮ್ಮೆ ಕಲಿಸುತ್ತಿದ್ದರು. ಮಗ ಅಂತ ಅದರಲ್ಲಿ ರಿಯಾಯಿತಿ ಇರಲಿಲ್ಲ.

ಅವರು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಮಾಲೀಕ ಜೋಡಿಗೊಂದೇ ಬೀಗ ಕೊಡತೊಡಗಿದ. ಎಡಚನೂ ದೊರೆಯೂ ಗೊಣಗಲಿಲ್ಲ. ಒಬ್ಬ ಮೇಲೆ, ಒಬ್ಬ ಕೆಳಗೆ ಇರುವಾಗ ಒಂದು ಕೀಲಿಗೋಸ್ಕರ ಎಂಟು ಮಹಡಿ ಹತ್ತಿ ಇಳಿಯುವುದು ಯಾರಿಗೆ ಬೇಕು ಎಂದು ನಗುನಗುತ್ತಾ ಎರಡನೇ ಕೀಲಿ ಮಾಡಿಸಿಕೊಂಡರು. ಬಾವಿಯಿಂದ ಮೇಲೆ ಬಂದವನು ತನ್ನ ಹೆಲ್ಮೆಟ್ಟನ್ನು ಮಷಿನ್ ರೂಮಿನ ಮೊಳೆಗೆ ನೇತುಹಾಕಬೇಕು, ಅದು ಇಬ್ಬರ ನಡುವಿನ ಗುರುತು. ಹೆಲ್ಮೆಟ್ ಮೊಳೆಯ ಮೇಲಿದ್ದರೆ ಆಸಾಮಿ ಬಾವಿಯಲ್ಲಿಲ್ಲ. ಆರು ವರ್ಷ ಈ ಗುರುತು ಒಂದು ದಿನವೂ ಕೈಕೊಡಲಿಲ್ಲ.

ಅವತ್ತು ದೊರೆ ಬೀಗ ಹಾಕಿಯೇ ಇಳಿದಿದ್ದ. ಲಿಫ್ಟಿನ ನೆತ್ತಿಯ ಮೇಲೆ ನಿಂತು ಎಣ್ಣೆ ಹಾಕಿ, ಮೇಲೆ ಬಂದು, ಹೆಲ್ಮೆಟ್ ಮೊಳೆಗೆ ಹಾಕಿದ್ದ. ಆಮೇಲೆ ಕೆಳಗೆ ಬಿಟ್ಟುಬಂದ ಸ್ಪ್ಯಾನರ್ ನೆನಪಾಗಿ, ಬರಿದಲೆಯಲ್ಲೇ ಮತ್ತೆ ಇಳಿದಿದ್ದ. ಒಂದು ನಿಮಿಷದ ಕೆಲಸ, ಅಷ್ಟಕ್ಕೆ ಹೆಲ್ಮೆಟ್ ಯಾಕೆ ಅಂದುಕೊಂಡಿರಬೇಕು. ಕೆಳಗಿನ ಬಾಗಿಲು ಸರಿಮಾಡಿ ಏದುಸಿರು ಬಿಡುತ್ತಾ ಬಂದ ಎಡಚ ಹೆಲ್ಮೆಟ್ ನೋಡಿದ, ಇವನು ಟೆರೇಸಿನಲ್ಲಿ ಬೀಡಿ ಸೇದುತ್ತಿದ್ದಾನೆ ಅಂದುಕೊಂಡ, ತನ್ನ ಜೇಬಿನ ಕೀಲಿಯಿಂದ ಬೀಗ ತೆಗೆದ, ಸ್ವಿಚ್ ಒತ್ತಿದ. ಕೆಳಗೆ ಯಾವುದೋ ಮಹಡಿಯಲ್ಲಿ ಯಾರೋ ಆಗಲೇ ಗುಂಡಿ ಅದುಮಿ ಕಾದು ನಿಂತಿದ್ದರು. ಲಿಫ್ಟ್ ಹೊರಟಿತು.

ಪೊಲೀಸರು ಬಂದು "ಸ್ವಿಚ್ಚಿಗೆ ಬೀಗ ಇತ್ತೇನೋ?" ಎಂದು ಗದರಿದಾಗ, ಗಾಬರಿಯಲ್ಲಿದ್ದ ಎಡಚ "ಇರಲಿಲ್ಲ" ಎಂದುಬಿಟ್ಟ. ಬೀಗ ಅವನ ಪ್ಯಾಂಟಿನ ಜೇಬಿನಲ್ಲೇ ಇತ್ತು. ಅಂದಿನಿಂದ ಆ 'ಇರಲಿಲ್ಲ' ಅವನನ್ನು ಬಿಟ್ಟಿಲ್ಲ. ಮಾಲೀಕ ಒಮ್ಮೆ ಮಾತ್ರ ಅವನನ್ನು ಒಳಗೆ ಕರೆದು, "ನಾನು ಕೇಳಿಲ್ಲ, ನೀನು ಹೇಳಿಲ್ಲ. ಅರ್ಥ ಆಯ್ತಾ?" ಎಂದಿದ್ದ.

ನಿನ್ನೆ ಮಗಳನ್ನು ಮಲಗಿಸಿದ ಮೇಲೆ ಎಡಚ ಒಂದು ನಿರ್ಧಾರಕ್ಕೆ ಬಂದಿದ್ದ. ಜೈಲಾದರೆ ಆಗಲಿ. ಮೇಸ್ತ್ರಿಯ ಮುಂದೆ 'ಬೀಗ ತೆಗೆದವನು ನಾನು' ಎಂದು ಹೇಳಿಬಿಡುವುದು. ಮೂರೇ ಶಬ್ದ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ, ತುಟಿ ಅಲ್ಲಾಡಿಸಿ, ಹತ್ತು ಸಲ ಹೇಳಿಕೊಂಡು ನೋಡಿದ್ದ. ಹತ್ತು ಸಲವೂ ಸಲೀಸಾಗಿ ಬಂದಿತ್ತು.

ಮಾಲೀಕನ ಫೋನು ಕುಯ್ಗುಟ್ಟಿತು. ಮೇಲಿನ ಕಚೇರಿಯವರು. "ಒಂದೇ ನಿಮಿಷ" ಎಂದು ಅವನು ಕೈಗೆ ಅಂಟಿದ ಸಾಸು ಒರೆಸಿಕೊಂಡು ಬಾಗಿಲಾಚೆ ಹೋದ. ಗಾಜಿನ ಆ ಕಡೆ ಅವನು ನಕ್ಕು ನಕ್ಕು ಮಾತಾಡುವುದು ಕಾಣುತ್ತಿತ್ತು.

ಮೇಸ್ತ್ರಿ ಫೋರ್ಕು ಕೆಳಗಿಟ್ಟರು. "ಈಗ ಹೇಳು. ನೇರ ಕೇಳ್ತೀನಿ, ನೇರ ಹೇಳು. ಅವನು ಬೀಗ ಹಾಕಿದ್ನಾ, ಇಲ್ವಾ?"

ಎಡಚ ಮುಂದಕ್ಕೆ ಬಗ್ಗಿದ. "ಮೇಸ್ತ್ರೀ, ಅವತ್ತು ನಾನು..."

"ಎಲ್ಲಾ ಚೆನ್ನಾಗಿದೆಯಾ ಸಾರ್? ಇನ್ನೇನಾದ್ರೂ?" ವೇಟರ್ ಅದೆಲ್ಲಿಂದಲೋ ಪ್ರತ್ಯಕ್ಷನಾಗಿ ಬಗ್ಗಿ ನಿಂತಿದ್ದ. ಅವನ ಮನೆ ಹಾಳಾಗ! ಎಡಚ ಏನೂ ಬೇಡವೆಂದು ತಲೆಯಲ್ಲಾಡಿಸಿದ. ವೇಟರ್ ನೀರು ತುಂಬಿ, ಬ್ರೆಡ್ಡಿನ ಬುಟ್ಟಿ ಸರಿಸಿ, ಚೂರುಗಳನ್ನು ಬಟ್ಟೆಯಿಂದ ಒತ್ತರಿಸಿಕೊಂಡು ಹೋಗುವಷ್ಟರಲ್ಲಿ ಮೇಸ್ತ್ರಿ ಎಡಚನ ಮುಖವನ್ನು ಪೂರ್ತಿ ಓದಿ ಮುಗಿಸಿದ್ದರು. ಓದಿದ್ದು ಮಾತ್ರ ಬೇರೆಯೇ.

"ಬಿಡು, ಹೇಳ್ಬೇಡ" ಎಂದರು. "ನನಗೆ ಗೊತ್ತಾಯ್ತು. ಸತ್ತವನ ಮೇಲೆ ತಪ್ಪು ಹೊರಿಸೋಕೆ ನಿನಗೆ ಬಾಯಿ ಬರ್ತಿಲ್ಲ. ಒಂದು ತಿಂಗಳಿಂದ ನಮ್ಮನೆ ಕಡೆ ತಲೆ ಹಾಕಿಲ್ಲ ನೀನು. ನಮ್ಮವಳು ಬೈಕೊಂಡ್ಳು, ಎಡಚನಿಗೆ ಅಷ್ಟೂ ಮನುಷ್ಯತ್ವ ಇಲ್ವಾ ಅಂತ. ನಾನೇ ಹೇಳ್ದೆ, ಅವನು ಬಂದ್ರೆ ನಿಜ ಹೇಳ್ಬೇಕಾಗುತ್ತೆ ಕಣೇ, ಅದಕ್ಕೇ ಬರ್ತಿಲ್ಲ ಅಂತ."

"ಅದಲ್ಲ ಮೇಸ್ತ್ರೀ..."

"ಕೇಳು ಇಲ್ಲಿ. ಇಪ್ಪತ್ತು ಜನಕ್ಕೆ ಕಲಿಸಿದ್ದೀನಿ. ಯಾರದೂ ಒಂದು ಬೆರಳು ಹೋಗಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದವನು ಬೀಗ ಹಾಕ್ದೆ ಇಳಿದ. ನನ್ನ ಮರ್ಯಾದೆ ತೆಗೆದುಬಿಟ್ಟ." ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ನಮ್ಮವಳು ಅವನ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದಾಳೆ. ಗೋಡೆಗೆ ಹಾಕೋಕೆ ನಾನು ಬಿಟ್ಟಿಲ್ಲ. ಮುಖ ನೋಡಿದ್ರೆ ಸಿಟ್ಟು ನೆತ್ತಿಗೇರುತ್ತೆ. ಅಳು ಬರಬೇಕು ಅಲ್ವೇನೋ, ಮಗ ಸತ್ರೆ? ನನಗೆ ಸಿಟ್ಟು ಬರುತ್ತೆ."

ಎಡಚ ಜೀವಮಾನದಲ್ಲಿ ಮೇಸ್ತ್ರಿಯನ್ನು ಹೀಗೆ ನೋಡಿರಲಿಲ್ಲ. ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ಈ ಮುದುಕನಿಗೆ ಮಗ ವಾಪಸು ಸಿಗುತ್ತಾನೆ, ಸತ್ತಾದರೂ ಸಿಗುತ್ತಾನೆ. ಗೋಡೆಯ ಮೇಲೆ ಫೋಟೋ ಏರುತ್ತದೆ, ಕಣ್ಣಿನಲ್ಲಿ ನೀರು ಬರುತ್ತದೆ. ಇಷ್ಟೆಲ್ಲ ಅವನಿಗೆ ಬೆಳಕಿನಷ್ಟು ಸ್ಪಷ್ಟವಾಗಿ ಹೊಳೆಯಿತು. ಅದರ ಬೆನ್ನಿಗೇ ಆ ಸಿಟ್ಟು ಎಲ್ಲಿಗೆ ತಿರುಗುತ್ತದೆ ಎಂಬುದೂ ಹೊಳೆಯಿತು. ಜೈಲಿಗೆ ಹೆದರಬೇಡವೆಂದು ಅವನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಹೆದರಬೇಕಾದ್ದು ಈ ಎರಡು ಕಣ್ಣಿಗೆ ಎಂದು ಬಸ್ಸಿನಲ್ಲಿ ನೆನಪಾಗಿರಲಿಲ್ಲ.

"ಒಂದೇ ಒಂದು ಸಲ ಹೇಳಿಬಿಡು" ಎಂದರು ಮೇಸ್ತ್ರಿ, ಈಗ ದನಿ ತಗ್ಗಿಸಿ. "ಹಾಕಿದ್ನೋ ಏನೋ ಅಂತ ಅನ್ನೋದು ಒಳಗೇ ಕೊರೀತಿದೆ. ಅದೊಂದು ಕಳೆದುಹೋಗ್ಲಿ."

"ಹಾಕಿರಲಿಲ್ಲ ಮೇಸ್ತ್ರೀ" ಎಂದ ಎಡಚ.

ಎಷ್ಟು ಸುಲಭವಾಗಿ ಬಂತು! ಒಂದಿಷ್ಟೂ ತಡವರಿಸಲಿಲ್ಲ. ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಚಪ್ಪಾಳೆ ಬಿತ್ತು. ಮೇಸ್ತ್ರಿ ದೊಡ್ಡದೊಂದು ಉಸಿರು ಬಿಟ್ಟು ಎಡಚನ ಕೈ ಹಿಡಿದುಕೊಂಡರು. ಎಡಗೈಯನ್ನೇ ಹಿಡಿದುಕೊಂಡರು.

"ಅವನು ಮಾಡಿದ್ದಕ್ಕೆ ನೀನು ಪೊಲೀಸು, ಕಚೇರಿ ಅಂತ ಅಲೆಯೋ ಹಾಗಾಯ್ತು. ಹೆಂಡತಿ ಮಕ್ಕಳಿರೋನು. ಅವನ ಪರವಾಗಿ ನಾನು ಕೇಳ್ಕೋತೀನಿ, ಮನಸ್ಸಲ್ಲಿ ಇಟ್ಕೋಬೇಡಪ್ಪ."

"ಅಯ್ಯೋ, ಹಾಗೆಲ್ಲ ಅನ್ಬೇಡಿ" ಎಂದ ಎಡಚ.

"ಏನೂ ತಿಂದಿಲ್ಲ ನೀನು. ಒಣಗಿ ಹೋಗಿದ್ದೀಯ." ಮೇಸ್ತ್ರಿ ಪಿಜ್ಜಾದ ದೊಡ್ಡ ತುಂಡು ನೋಡಿ ಎತ್ತಿ, ಅವನ ತಟ್ಟೆಗೆ ಹಾಕಿ, ತುದಿಯ ಸುಟ್ಟ ಭಾಗವನ್ನು ತಾವೇ ಮುರಿದು ಪಕ್ಕಕ್ಕಿಟ್ಟರು. "ತಿನ್ನು."

ಎಡಚ ತಿಂದ. ಉಪ್ಪೋ ಹುಳಿಯೋ ತಿಳಿಯಲಿಲ್ಲ, ಅಗಿದು ಅಗಿದು ನುಂಗಿದ. ಒಂದು ತುಂಡು ಮುಗಿದ ಕೂಡಲೇ ಮೇಸ್ತ್ರಿ ಇನ್ನೊಂದು ಹಾಕಿದರು. ಅದನ್ನೂ ತಿಂದ.

ಮಾಲೀಕ ವಾಪಸು ಬಂದವನು ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಏನೂ ಕೇಳದೆ, ಚೀಲದಿಂದ ಟೈಪು ಮಾಡಿದ ಹಾಳೆ ತೆಗೆದು ಎಣ್ಣೆಯ ಬಾಟಲಿಯನ್ನು ಸರಿಸಿ ಹರಡಿದ. 'ಮೃತನು ನಿಯಮದ ಪ್ರಕಾರ ಹಾಕಬೇಕಾದ ಬೀಗ ಹಾಕದೆ ಇಳಿದಿರುತ್ತಾನೆ' ಎಂಬ ಸಾಲಿನ ಕೆಳಗೆ ಎಡಚ ಸಹಿ ಮಾಡಿದ. ಮೇಸ್ತ್ರಿ ತಮ್ಮ ಹಾಳೆಗೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ಎರಡೂ ಕೈಯಿಂದ ಮಾಲೀಕನಿಗೆ ಕೊಟ್ಟರು.

"ಬನ್ನಿ, ಹತ್ತು ನಿಮಿಷ ಇದೆ" ಎಂದು ಮಾಲೀಕ ಹೋಟೆಲಿನಿಂದ ಹೊರಬಂದು ಲಿಫ್ಟಿನ ಗುಂಡಿ ಒತ್ತಿದ.

"ನೀವು ಹೋಗಿ. ನಾನು ಮೆಟ್ಟಿಲು ಹತ್ಕೊಂಡು ಬರ್ತೀನಿ" ಎಂದರು ಮೇಸ್ತ್ರಿ.

"ಆ ಮಂಡಿ ಇಟ್ಕೊಂಡು ನಾಲ್ಕು ಮಹಡಿನಾ ಮೇಸ್ತ್ರೀ?"

"ಎಡಚ ಇದ್ದಾನಲ್ಲ."

ಲಿಫ್ಟಿನ ಬಾಗಿಲು ಮಾಲೀಕನನ್ನು ಒಳಗೆ ಹಾಕಿಕೊಂಡು ಮುಚ್ಚಿತು. ಮೇಸ್ತ್ರಿ ಎಡಚನ ಹೆಗಲಿನ ಮೇಲೆ ಕೈಯಿಟ್ಟು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸುತ್ತಾ ಹತ್ತತೊಡಗಿದರು. ಕಬ್ಬಿಣದ ಕೆಲಸ ಮಾಡಿದ ಕೈ, ಭಾರವಾಗಿತ್ತು. ಮೊದಲ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಂಡರು. ಎರಡನೆಯದರಲ್ಲಿ ಇನ್ನೂ ಹೆಚ್ಚು ಹೊತ್ತು ನಿಂತರು.

"ಸಂಜೆ ಮನೆಗೆ ಬಾ" ಎಂದರು ಏದುತ್ತಾ. "ಅವನ ಟೂಲ್ಸ್ ಪೆಟ್ಟಿಗೆ ತಗೊಂಡು ಹೋಗು. ಮಾರೋಕೆ ಮನಸ್ಸಿಲ್ಲ. ಹುಷಾರಾಗಿರೋನ ಕೈಯಲ್ಲಿ ಇರಲಿ."

"ಆಗಲಿ ಮೇಸ್ತ್ರೀ."

ಗೋಡೆಯಾಚೆ ಲಿಫ್ಟ್ ಮತ್ತೆ ಕೆಳಗಿಳಿಯುವ ಸದ್ದು ಕೇಳಿಸಿತು. ಅದು ನಿಲ್ಲುವವರೆಗೂ ಇಬ್ಬರೂ ಕದಲಲಿಲ್ಲ. ನಿಂತ ಮೇಲೆ ಮೇಸ್ತ್ರಿ ಹೆಗಲಿನ ಮೇಲಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದರು, ಎಡಚ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.