ಸದ್ದಿನೊಳಗಿನ ಮಾತು

ಮುದ್ದೇಬಿಹಾಳದ ಕಾಲೇಜಿನಲ್ಲಿ ಬಿ.ಎಸ್‌ಸಿ ಎರಡನೇ ವರ್ಷ ಓದುತ್ತಿದ್ದ ಜಾಸ್ಮಿನಳಿಗೆ ಆ ದನಿ ಮೊದಲು ಕೇಳಿದ್ದು ರಂಜಾನ್ ಮುಗಿದ ಮೇಲಿನ ಬಿಸಿಲಿನಲ್ಲಿ, ಮನೆಯ ಫ್ಯಾನಿನ ಸದ್ದಿನೊಳಗೆ. ಮೊದಮೊದಲು ಪಕ್ಕದ ಮನೆಯವರ ಗುಸುಗುಸು ಎನ್ನುವಂತಿತ್ತು. ಬರಬರುತ್ತಾ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. "ನೋಡ್, ಎದ್ಲು. ನೋಡ್, ಪುಸ್ತಕ ತಗದ್ಲು."

ಹೆದರಿಕೆಗಿಂತ ಮುಂಚೆ ಅವಳಿಗೆ ಹುಟ್ಟಿದ್ದು ಕುತೂಹಲ. ಫಿಜಿಕ್ಸ್ ಎಂದರೆ ಜೀವ ಬಿಡುವ ಹುಡುಗಿ. ಫ್ಯಾನು ಬಂದ್ ಮಾಡಿದಳು, ದನಿ ನಿಂತಿತು. ಹಚ್ಚಿದಳು, ಮತ್ತೆ ಶುರುವಾಯಿತು. ನಳ ಬಿಟ್ಟು ಕಿವಿಗೊಟ್ಟಳು, ನೀರಿನೊಳಗೂ ಇತ್ತು. ಬಸವನ ಬಾಗೇವಾಡಿಗೆ ಹೋಗುವಾಗ ಬಸ್ಸಿನ ಇಂಜಿನ್ನಿನಲ್ಲೂ ಇತ್ತು. ಸದ್ದಿದ್ದಲ್ಲಿ ಮಾತ್ರ ದನಿ ಎಂದು ತನ್ನಷ್ಟಕ್ಕೆ ಒಂದು ನಿಯಮ ಕಟ್ಟಿಕೊಂಡಳು. ನಿಯಮ ತಿಳಿದ ಮೇಲೆ ಭಯವೇಕೆ ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಆದರೆ ದನಿ ನಿಯಮ ಮುರಿಯಿತು. ಸದ್ದೇ ಇಲ್ಲದಾಗಲೂ ಬಂತು. ಓದಿದ್ದು ತಲೆಗೆ ಹತ್ತದಾಯಿತು, ಕಾಲೇಜು ತಪ್ಪಿತು. ಗೆಳತಿಯರು ಯಾತಕ್ಕೆ ನಕ್ಕರೂ ತನಗೇ ನಕ್ಕಂತಾಯಿತು. ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬುದು ಮನಸ್ಸಿನಲ್ಲಿ ಬೇರೂರಿತು. ಒಂದು ಮಧ್ಯಾಹ್ನ ತಾಯಿ ಸಾಬೀರಾ ಬಜಾರದಿಂದ ಬಂದು ನೋಡುತ್ತಾಳೆ, ಫ್ಯಾನಿನ ರೆಕ್ಕೆ ಒಂದು ಕಡೆ, ಮೋಟಾರು ಒಂದು ಕಡೆ, ನಡುವೆ ಸ್ಕ್ರೂಡ್ರೈವರ್ ಹಿಡಿದು ಬೆವರಿ ನೀರಾದ ಮಗಳು.

"ಏನ್ ಹುಡುಕಾಕತ್ತಿ?"

"ಮೈಕ್, ಅಮ್ಮಿ. ಇದರಾಗಿಂದ ಯಾರೋ ನನ್ನ ಬಗ್ಗೆ ಮಾತಾಡ್ತಾರ."

ಸಾಬೀರಾಳಿಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮಗಳ ಪಕ್ಕ ಕೂತಳು.

"ಸಿಕ್ತೇನು?"

"ಇಲ್ಲ."

"ಹಂಗಾರ ಮಾತಾಡವ್ರು ಎಲ್ಲದಾರ?"

"ಅದ ತಿಳಿವಲ್ದು ಅಮ್ಮಿ," ಎಂದು ಜಾಸ್ಮಿನ ಬಿಕ್ಕಿಬಿಕ್ಕಿ ಅತ್ತಳು.

ಯಾರದೋ ದೃಷ್ಟಿ ತಾಗಿದೆ, ದರ್ಗಾಕ್ಕೆ ಕರೆದೊಯ್ಯಿರಿ ಎಂದರು ಓಣಿಯವರು. "ದರ್ಗಾಕ್ಕೂ ಹೋಗೂಣು, ದವಾಖಾನಿಗೂ ಹೋಗೂಣು. ಎರಡಕ್ಕೂ ಬಾಗಲಾ ತೆರದೈತಿ," ಎಂದಳು ಸಾಬೀರಾ.

ದವಾಖಾನೆಗೆ ವಾರಕ್ಕೊಮ್ಮೆ ಮನೋವೈದ್ಯೆ ವಸುಧಾ ಬರುತ್ತಿದ್ದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕೂ ತಾಲೂಕು ತಿರುಗುವ ಹೆಣ್ಣುಮಗಳು. ಸೈಕೋಸಿಸ್ ಎಂಬ ಈ ಬೇನೆ ಹರೆಯದವರಲ್ಲಿ ತಲೆಯೆತ್ತುವಾಗಲೇ ಅದನ್ನು ಗುರುತಿಸುವುದು ಹೇಗೆ ಎಂಬುದೇ ಅವಳ ಸಂಶೋಧನೆ. ಜಾಸ್ಮಿನ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು. ರಕ್ತ ತಪಾಸಣೆ ಮಾಡಿಸಿ ಗುಳಿಗೆ ಬರೆದಳು. ಆಮೇಲೆ, ಜಾಸ್ಮಿನಳೂ ಸಂಶೋಧನೆಗೆ ಸೇರಬಹುದೇ ಎಂದು ಮಾತು ತೆಗೆದಳು.

ಸಾಬೀರಾ ಸೆಟೆದು ಕೂತಳು. "ಅಂದ್ರ ನನ್ನ ಮಗಳ ಮ್ಯಾಲ ಹೊಸಾ ಔಷಧ ಹಾಕಿ ನೋಡ್ತೀರೇನ್ರಿ ಬಾಯಾರ?"

"ಇಲ್ರೀ ಅಕ್ಕಾರ. ಔಷಧ ಎಲ್ಲಾರಿಗೂ ಕೊಡೋದೇ ಅದ. ನಾವು ನೋಡೋದು ಕಿವಿ ಹೆಂಗ ಕೇಳ್ತದ, ನಿದ್ದಿ ಹೆಂಗ ಬರ್ತದ, ಅಷ್ಟ. ಒಲ್ಲೆ ಅಂದ್ರೂ ಉಪಚಾರ ನಿಲ್ಲಂಗಿಲ್ಲ."

ಜಾಸ್ಮಿನ ಅಂದು ಗುಳಿಗೆಯಷ್ಟೇ ತೆಗೆದುಕೊಂಡು ಮನೆಗೆ ಹೋದಳು. ಗುಳಿಗೆಯಿಂದ ಬಾಯಿ ಒಣಗಿತು, ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಯಿತು. ಆದರೆ ನಿದ್ದೆ ಬಂತು, ಮೈಕಿನ ಹುಡುಕಾಟ ನಿಂತಿತು. ತಲೆ ಒಂದಿಷ್ಟು ತಿಳಿಯಾದ ಮೇಲೆ ತಾನಾಗಿಯೇ ಕೇಳಿದಳು: "ಮೇಡಂ, ಆ ಕಿವಿ ಪರೀಕ್ಷಾ ಮಾಡ್ತೀನಂದಿದ್ರೆಲ್ಲ?"

ಪರೀಕ್ಷೆ ಸರಳ. ಹೆಡ್‌ಫೋನಿನಲ್ಲಿ ಜೋರು ಮಳೆಯಂಥ ಭೋರೆನ್ನುವ ಸದ್ದು. ಕೆಲವು ಸಲ ಅದರೊಳಗೆ ಒಂದು ಮಾತು ಅಡಗಿರುತ್ತದೆ, ಕೆಲವು ಸಲ ಇರುವುದಿಲ್ಲ. ಕೇಳಿದರೆ ಗುಂಡಿ ಒತ್ತಬೇಕು. ಜಾಸ್ಮಿನ ಒತ್ತಿದಳು, ಒತ್ತಿದಳು, ಒತ್ತುತ್ತಲೇ ಹೋದಳು.

"ಭಾಳ ಸಲ ಅಲ್ಲಿ ಮಾತ ಇರಲಿಲ್ಲ," ಎಂದಳು ವಸುಧಾ ಮೆಲ್ಲಗೆ.

"ಹಂಗಾರ ನಾ ಕೇಳಿದ್ದು ಸುಳ್ಳೇನ್ರಿ?"

"ನೀ ಕೇಳಿದ್ದು ಖರೇನ. ಹೊರಗ ಇರಲಿಲ್ಲ, ಅಷ್ಟ. ಅರ್ಧಂಬರ್ಧ ಸದ್ದು ಬಂದ್ರ ಉಳಿದದ್ದನ್ನ ಮಿದುಳು ತಾನ ಊಹಾ ಮಾಡಿ ತುಂಬ್ತದ. ಎಲ್ಲಾರ ಮಿದುಳೂ ತುಂಬ್ತದ. ನಿಂದು ಈಗ ತನ್ನ ಊಹಾನ ಜರಾ ಹೆಚ್ಚ ನಂಬಲಿಕ್ಕೆ ಹತ್ತೇದ. ನಾವು ಹಂಗ ತಿಳ್ಕೊಂಡೀವಿ. ಪೂರಾ ಗೊತ್ತಿದ್ರ ಈ ಸಂಶೋಧನಾ ಯಾಕ ಬೇಕಿತ್ತು?"

ಜಾಸ್ಮಿನ ಅವಳನ್ನೇ ದಿಟ್ಟಿಸಿದಳು. "ಎಲ್ಲಾರದೂ ಅಂದ್ರ ನಿಮ್ಮದೂ? ನೀವೂ ಹಾಕ್ಕೊಂಡು ನೋಡ್ರಿ ಮತ್ತ."

ವಸುಧಾ ನಕ್ಕು ಹೆಡ್‌ಫೋನು ಹಾಕಿಕೊಂಡಳು. ಬಹಳ ಹೊತ್ತು ಗುಂಡಿ ಮುಟ್ಟಲಿಲ್ಲ. ಕಡೆಕಡೆಗೆ ಒಮ್ಮೆ ಗುಂಡಿ ಒತ್ತಿದಳು. ಕಂಪ್ಯೂಟರಿನ ತೆರೆಯ ಮೇಲೆ ನೋಡಿದರೆ ಅಲ್ಲಿ ಯಾವ ಮಾತೂ ಇರಲಿಲ್ಲ.

"ಏನ್ ಕೇಳಿಸ್ತ್ರಿ?"

"'ವಸೂ, ಇಕಡೆ ಯೇ', ಈ ಕಡೆ ಬಾ, ಅಂದಂಗಾತು." ವಸುಧಾಳ ಮನಸ್ಸು ಅರೆಗಳಿಗೆ ಎಲ್ಲೋ ಹೋಗಿ ಬಂತು. "ನಮ್ಮವ್ವ ಸಾವಿತ್ರೀಬಾಯಿ ಹಂಗ ಮರಾಠಿಯೊಳಗ ಕರೀತಿದ್ಳು. ತೀರ್ಕೊಂಡು ವರ್ಷಾತು."

ಜಾಸ್ಮಿನಳ ಕಣ್ಣು ಅಗಲವಾದವು. "ಮೇಡಂ, ನಿಮ್ಮ ಮಷೀನಿನ್ಯಾಗಿನ ಮಾತು ಬೆಂಗಳೂರ ಕಡೇವು. 'ಮನೆ', 'ಶಾಲೆ' ಅಂತೈತಿ. ನಂಗ ಕೇಳೂದು 'ಮನಿ', 'ಸಾಲಿ'. ನಿಮಗ ಮರಾಠಿ. ಒಳಗಿನ ದನಿ ಮನಿ ಮಾತ ಆಡ್ತೈತಲ್ರಿ! ನಮ್ಮ ಮಾತು ಹಾಕಿದ್ರ ಬ್ಯಾರೇನೂ ತಿಳೀಬಹುದೇನು?"

"ಗೊತ್ತಿಲ್ಲ," ಎಂದಳು ವಸುಧಾ. "ಮಾಡಿ ನೋಡೋಣು."

ಅಷ್ಟರಲ್ಲಿ ಸಾಬೀರಾ, ತನಗೂ ಕೊಡಿ ಎಂದು ಹೆಡ್‌ಫೋನು ಕಸಿದುಕೊಂಡಿದ್ದಳು. ನಿಜವಾಗಿ ಇದ್ದ ಮಾತುಗಳೂ ಅವಳಿಗೆ ಕೇಳಲಿಲ್ಲ. "ಏ, ಬರೇ ಗಿರಣಿ ಸದ್ದೈತಿ ಇದು!" ಎಂದು ಮುಖ ಸಿಂಡರಿಸಿದಾಗ ಮೂವರೂ ನಕ್ಕರು. ಮಗಳ ನಗು ಕಂಡು ತಿಂಗಳುಗಳೇ ಆಗಿದ್ದವು. ಸಾಬೀರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸ ಮಾತುಗಳ ಧ್ವನಿಮುದ್ರಣಕ್ಕೆ ಮೇಲಿನವರ ಒಪ್ಪಿಗೆ ಸಿಗಲು ಮಳೆಗಾಲವೇ ಕಳೆಯಿತು. ಅಷ್ಟರಲ್ಲಿ ಜಾಸ್ಮಿನಳ ಒಂದು ಸೆಮಿಸ್ಟರ್ ಹಾಳಾಯಿತು. ಮತ್ತೆ ಕಾಲೇಜಿಗೆ ಕಾಲಿಟ್ಟ ಮೊದಲ ದಿನ ಬಾಗಿಲಿನಿಂದಲೇ ತಿರುಗಿ ಬಂದಳು. ಮರುದಿನ ಹೋಗಿ ಕೂತಳು. ದನಿ ಪೂರ್ತಿ ಹೋಗಿರಲಿಲ್ಲ. ದಣಿದಾಗ ದೂರದ ಓಣಿಯಿಂದ ಬಂದಂತೆ ಕೇಳುತ್ತಿತ್ತು. ಅವಳು ಅದನ್ನು ಅದರ ಪಾಡಿಗೆ ಬಿಡುತ್ತಿದ್ದಳು. ಗುಳಿಗೆ ತಪ್ಪಿಸಲಿಲ್ಲ.

ಧ್ವನಿಮುದ್ರಣ ಮಾಡಿದ್ದು ಜಾಸ್ಮಿನಳದೇ ಕಂಠದಲ್ಲಿ. ಮನಿ, ಸಾಲಿ, ಬಾಗಲಾ ಎಂದು ಒಂದೊಂದನ್ನೂ ಬಿಡಿಸಿ ಹೇಳಿ ಮುಗಿಸಿ ನೀರು ಕುಡಿಯುತ್ತ ಕೇಳಿದಳು: "ಮೇಡಂ, ಹುಟ್ಟಾ ಕಿವುಡರಿಗೆ ಈ ಬೇನಿ ಬಂದ್ರ ಅವರಿಗೇನು ಕೇಳ್ತೈತ್ರಿ?"

"ಯಾರೋ ಕೈಸನ್ನಿ ಮಾಡಿದಂಗ ಕಾಣ್ತದಂತ ಕೆಲವರಿಗೆ. ಓದೀನಿ. ನಾ ಯಾರನ್ನೂ ಕೇಳಿಲ್ಲ."

"ಹಂಗಾರ ಕೇಳೂಣಲ್ರಿ," ಎಂದಳು ಜಾಸ್ಮಿನ, ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುತ್ತ.